ಎಡೆಗಿಟ್ಟ ಬೆಂಡೆಕಾಯಿ

ಗಂಡ ಪುಟ್ಟಸ್ವಾಮಿಯ ಹನ್ನೊಂದನೇ ದಿನದ ಎಡೆಗೆ ಚಿಕ್ಕತಾಯಮ್ಮ ಬೆಂಡೆಕಾಯಿ ಸೀಳಿ, ಚಮಚ ಎಣ್ಣೆ ಸವರಿ, ಒಂದರ ಮೇಲೊಂದು ಬೀಳದಂತೆ ಏರ್ ಫ್ರೈಯರಿನಲ್ಲಿ ಹರಡಿದಳು. ಎಂದಿನಂತೆ ಗರಿಗರಿಯಾಗಿ ಬಂತು.

“ಅವ್ವ, ಅಪ್ಪಂಗೆ ಇವತ್ತಾದ್ರೂ ಎಣ್ಣೇಲಿ ಕರೀಬೋದಿತ್ತು ಕಣವ್ವ,” ಎಂದ ಮಗ ಚಂದು.

ಅವಳ ಕೈ ನಿಂತಿತು. ಎದೆನೋವು ಬಂದಾಗಿನಿಂದ ಆತ ಬೇಡಿದ್ದು ಅದೊಂದನ್ನೇ. “ಒಂದಿನ ಕರ್ದು ಕೊಡಮ್ಮಿ, ಸತ್ರೆ ಸಾಯ್ತೀನಿ ಬುಡು.” ಇವಳು ಎಣ್ಣೆ ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು. ಆದರೂ ಆತ ಉಳಿಯಲಿಲ್ಲ.

ಸತ್ತವನಿಗೂ ಪಥ್ಯ ಹಿಡಿಸಿದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡು, ಬಾಣಲೆ ತುಂಬ ಎಣ್ಣೆ ಸುರಿದು ಇನ್ನಷ್ಟು ಬೆಂಡೆಕಾಯಿ ಕರಿದಳು. ಎರಡನ್ನೂ ಎಲೆಗೆ ಬಡಿಸಿ ತಾರಸಿಯ ಮೇಲಿಟ್ಟರು.

ಕಾಗೆ ಕಾಯಿಸಲೇ ಇಲ್ಲ. ಎರಗಿ, ಎಣ್ಣೆ ಜಿನುಗುವ ಹೋಳುಗಳನ್ನಷ್ಟೇ ಗಬಗಬನೆ ನುಂಗಿತು. ನೆಂಟರು ಸಮಾಧಾನದಿಂದ ಕೈಮುಗಿದರು. ಚಿಕ್ಕತಾಯಮ್ಮ ಅದರ ಹಸಿವನ್ನು ನೋಡಲಾರದೆ ಗೋಡೆಗೆ ಮುಖ ತಿರುಗಿಸಿದಳು.