ಶ್ವಾಸನಾಳದಲ್ಲಿ ಕಾಫಿ ಬೀಜ

ಬೀಜ ಒಣಗಿದೆಯೋ ಇಲ್ಲವೋ ನೋಡಲು ರಜನಿ ಅದನ್ನು ಹಲ್ಲಿನಡಿ ಇಟ್ಟು ಕಚ್ಚುತ್ತಿದ್ದಳು. ಗೋಣಿಬೀಡಿನ ಆಚೆ ಅವರ ಮನೆ ಕಣದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು. ಖರೀದಿಗೆ ಬಂದ ವ್ಯಾಪಾರಿ "ಹೇಗಿದೆಯಮ್ಮ?" ಎಂದು ಕೇಳಿದ್ದಕ್ಕೆ, "ಇನ್ನೂ ಮೆತ್ತಗಿದೆ, ಬಿಸಿಲು ಬೇಕು" ಎಂದಿದ್ದಳು. ಆತ ಜೀಪು ತಿರುಗಿಸಿಕೊಂಡು ಹೋದ. ಅದರ ಸದ್ದು ತಿರುವಿನಲ್ಲಿ ಅಡಗುವವರೆಗೂ ಗಂಡ ನಗುತ್ತಲೇ ನಿಂತಿದ್ದ. ಅವಳು ಇನ್ನೊಂದು ಬೀಜ ಬಾಯಿಗಿಟ್ಟುಕೊಂಡಾಗ ಹಿಂದಿನಿಂದ ಬೆನ್ನಿಗೆ ಒದ್ದ.

ಮುಗ್ಗರಿಸುತ್ತಾ ಅವಳು ಉಸಿರೆಳೆದುಕೊಂಡಳು. ಉಸಿರಿನ ಜೊತೆ ಬೀಜವೂ ಒಳಗೆ ಹೋಯಿತು. ಕೆಮ್ಮು ಕಿತ್ತುಕೊಂಡು ಬಂತು, ಕಣ್ಣು ಮೇಲಕ್ಕೆ ಹೋಯಿತು.

"ನಾಟ್ಕ ಆಡ್ತೀಯೇನೇ? ಹೊರಗಿನೋನ ಮುಂದೆ ನನ್ನ ಮಾಲು ಹಸಿ ಅಂದ ಬಾಯಿಗೆ ಈಗೇನಾಯ್ತು?" ಗಂಬೂಟಿನ ಕಾಲಲ್ಲೇ ಪಕ್ಕೆಗೆ ಇನ್ನೊಂದು ಒದೆ ಬಿತ್ತು. ಜಡೆ ಹಿಡಿದು ಅವಳ ಮುಖವನ್ನು ಬೀಜದ ಮೇಲೆ ಉಜ್ಜಿದ. ಕೆನ್ನೆ ತರಚಿ ರಕ್ತ ಬಂತು.

ಉಸಿರು ಮರಳಿದ ಮೇಲೆ ಅವಳು ಹೇಳಿದಳು: "ಬೀಜ ಉಸಿರಿಗೆ ಹೋಗಿದೆ."

"ಹೋಗ್ಲಿ ಬಿಡು. ಒಳಗೆ ಗಿಡ ಏನು ಹುಟ್ಟಲ್ಲ."

ಕೆಲವು ದಿನಗಳಲ್ಲಿ ಕೆಮ್ಮು ತಾನಾಗಿ ಇಳಿಯಿತು. ಅವಳೂ ಸುಮ್ಮನಾದಳು. ಆದರೆ ಮಳೆ ಹಿಡಿಯುವ ಹೊತ್ತಿಗೆ ಜ್ವರ ಶುರುವಾಗಿ ವಾಸನೆಯ ಕಫ ಬರತೊಡಗಿತು. ಮೂಡಿಗೆರೆಯಲ್ಲಿ ನ್ಯುಮೋನಿಯಾ ಎಂದು ಔಷಧಿ ಕೊಟ್ಟರು. ವಾಸಿಯಾಗಿ ಮತ್ತೆ ಅದೇ ಜಾಗದಲ್ಲಿ ಬಂತು. ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಕೆಳಗಿನ ಕವಲು ಕಟ್ಟಿಕೊಂಡಿದ್ದು ಕಂಡಿತು. ಗಡ್ಡೆಯೂ ಇರಬಹುದು, ಬ್ರಾಂಕೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷಿಸಬೇಕು ಎಂದು ಚಿಕ್ಕಮಗಳೂರಿಗೆ ಕಳಿಸಿದರು.

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಗಂಡ ಅವಳ ದವಡೆ ಹಿಡಿದ. "ಬೀಜದ ಮಾತು ಬಂತೋ, ಮನೆಗೆ ಹೋದ್ಮೇಲೆ ಈ ಬಾಯೇ ಇರಲ್ಲ." ಹೆಬ್ಬೆರಳು ಒತ್ತಿದ ಕಡೆ ಕೆಳಗಿನ ಹಲ್ಲೊಂದು ಅಲುಗಾಡಿತು.

ಡಾಕ್ಟರ್ ರೇಣುಕಪ್ರಸಾದ್ ನಿಧಾನವಾಗಿ ವಿವರಿಸಿದರು. "ರಾತ್ರಿಯಿಂದ ಏನೂ ತಿಂದಿಲ್ಲ ತಾನೆ? ಬೆಳಿಗ್ಗೆ ಕಾಫಿ?"

"ನೀರು ಕೂಡ ಕುಡಿದಿಲ್ಲ."

"ರಕ್ತ ತೆಳ್ಳಗಾಗೋ ಮಾತ್ರೆ ತಗೊಳ್ತೀರಾ? ಇಲ್ವಾ, ಸರಿ. ಗಂಟಲಿಗೆ ಮರಗಟ್ಟೋ ಔಷಧಿ ಹೊಡೀತೀವಿ, ಕಹಿ ಇರುತ್ತೆ. ಮಂಪರಿನ ಸೂಜಿ ಕೊಡ್ತೀವಿ. ನಳಿಗೆ ಇಳಿಯುವಾಗ ಉಸಿರು ಕಟ್ಟಿದ ಹಾಗಾಗುತ್ತೆ, ಆದ್ರೆ ಕಟ್ಟಲ್ಲ, ಆಕ್ಸಿಜನ್ ಕೊಡ್ತಾ ಇರ್ತೀವಿ. ಆಗ ಮಾತಾಡೋಕಾಗಲ್ಲ, ಏನಾದ್ರೂ ಆದ್ರೆ ಕೈ ಎತ್ತಿ. ಹೇಳೋದೇನಿದ್ರೂ ಈಗಲೇ ಹೇಳ್ಬೇಕು. ಅಡಿಕೆನೋ, ಮೆಣಸಿನ ಕಾಳೋ, ಯಾವ್ದಾದ್ರೂ ಬೀಜನೋ ಉಸಿರಿಗೆ ಹೋಗಿತ್ತಾ?"

"ಇಲ್ಲ ಸಾರ್," ಎಂದ ಗಂಡ.

"ಅವ್ರನ್ನ ಕೇಳಿದ್ದು."

ಸೀರೆಯ ಮರೆಯಲ್ಲಿ ಗಂಡನ ಬೆರಳು ಅವಳ ತೋಳಿನ ಮಾಂಸ ತಿರುಚುತ್ತಿತ್ತು. "ಇಲ್ಲ," ಎಂದಳು ರಜನಿ.

ಒಳಕೋಣೆಗೆ ಜೊತೆಗಿದ್ದವರನ್ನು ಬಿಡುವುದಿಲ್ಲ. ನರ್ಸ್ ರೇವತಿ ಗೌನು ತೊಡಿಸುವಾಗ ಬೆನ್ನು, ತೋಳು ನೋಡಿದಳು. "ಇದೇನಮ್ಮ?"

"ಜಾರಿ ಬಿದ್ದೆ."

"ಬೆನ್ನ ಮೇಲೂ ಬಿದ್ರಿ, ತೋಳಿನ ಮೇಲೂ ಬಿದ್ರಿ. ನಿಮ್ಮೂರಲ್ಲಿ ಪಾಚಿ ಜಾಸ್ತಿ. ಅಲುಗಾಡೋ ಹಲ್ಲಿದ್ಯಾ?"

ರಜನಿ ಬೆರಳಿಟ್ಟು ತೋರಿಸಿದಳು. ರೇವತಿ ಮುಂದೆ ತಮಾಷೆ ಮಾಡಲಿಲ್ಲ.

ಗಂಟಲಿಗೆ ಔಷಧಿ ಹೊಡೆದರು. ನಾಲಿಗೆಯ ಬುಡ ದಪ್ಪಗಾಯಿತು, ಉಗುಳು ನುಂಗುವುದೇ ತಿಳಿಯದಾಯಿತು. ಬಾಯಿ ತೆರೆದೂ ಉಸಿರು ಸಿಗದೆ ಒದ್ದಾಡಿದ ಆ ಹೊತ್ತು ಕಣ್ಣ ಮುಂದೆ ಬಂತು. ಡಾಕ್ಟರು ಮಂಪರಿನ ಸೂಜಿ ಕೈಗೆತ್ತಿಕೊಂಡಾಗ ಅವಳು ಅವರ ಮಣಿಕಟ್ಟು ಹಿಡಿದಳು.

"ಬೀಜ ಇದೆ ಡಾಕ್ಟ್ರೇ. ಪಾರ್ಚ್‌ಮೆಂಟ್. ಒದ್ದಾಗ ಹೋಯ್ತು."

ಡಾಕ್ಟರು ಸೂಜಿ ಕೆಳಗಿಟ್ಟರು. "ಒಳ್ಳೇದಾಯ್ತು ಹೇಳಿದ್ದು. ಗಡ್ಡೆ ಅಂದ್ಕೊಂಡು ಚಿವುಟಿದ್ರೆ ನೆನೆದ ಬೀಜ ಚೂರಾಗಿ ಇನ್ನೊಂದು ಕಡೆಗೂ ಸಿಕ್ಕಿಕೊಳ್ತಿತ್ತು. ಇದಕ್ಕೆ ಬೇರೆ ಸಲಕರಣೆ ಬೇಕು, ಪೂರ್ತಿ ಅರಿವಳಿಕೆ ಬೇಕು. ಸ್ವಲ್ಪ ಕಾಯೋಣ." ಅರಿವಳಿಕೆ ವೈದ್ಯರಿಗೆ ಫೋನು ಮಾಡಲು ಅವರು ಹೊರಗೆ ಹೋದರು.

ಫೋನಿನಲ್ಲಿ ಅವರು ಬೀಜ ಎಂದಿದ್ದು ಹೊರಗೆ ಕೂತಿದ್ದ ಗಂಡನ ಕಿವಿಗೆ ಬಿದ್ದದ್ದೇ ಅವನಿಗೆ ಎಲ್ಲವೂ ತಿಳಿಯಿತು. ಬಾಗಿಲು ತಳ್ಳಿಕೊಂಡು ನುಗ್ಗಿದ. ಅಡ್ಡ ಬಂದ ರೇವತಿಯನ್ನು ಗೋಡೆಗೆ ನೂಕಿ, ರಜನಿಯ ಜುಟ್ಟು ಹಿಡಿದು ಮೇಜಿನಿಂದ ಕೆಳಗೆಳೆದ. ಅವಳ ಮೊಣಕಾಲು ನೆಲಕ್ಕೆ ಬಡಿಯಿತು. ಹೊಡೆದ ಏಟಿಗೆ ಸಡಿಲವಾಗಿದ್ದ ಹಲ್ಲು ಕಿತ್ತು ನೆಲಕ್ಕೆ ಬಿತ್ತು. ಮರಗಟ್ಟಿದ ಬಾಯಿಗೆ ನೋವಾಗಲಿಲ್ಲ. ಕೂಗಲು ಹೋದರೆ ರಕ್ತ ಗಂಟಲಿಗೆ ಇಳಿದು ಕೆಮ್ಮು ಬಂತು. "ಮನೆಗೆ ನಡಿ, ನಡಿಯೇ!" ಎಂದು ಅವನು ದರದರ ಎಳೆದ.

ಕೈಗೆ ಸಿಕ್ಕಿದ ಸ್ಟೀಲ್ ತಟ್ಟೆಯನ್ನು ಅವಳು ಅಂಚಿನ ಕಡೆಯಿಂದ ಬೀಸಿದಳು. ಅವನ ಮೂಗಿನ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಅವನು ಮುಖ ಮುಚ್ಚಿಕೊಂಡು ಕುಸಿದ ಮೇಲೂ ಇನ್ನೊಂದು ಸಲ ಬೀಸಿದಳು. ಮೂರನೆಯದಕ್ಕೆ ರೇವತಿ ಕೈ ಹಿಡಿದಳು. "ಸಾಕಮ್ಮ. ಮೊದ್ಲು ಬಗ್ಗಿ ರಕ್ತ ಉಗೀರಿ, ಉಸಿರಿಗೆ ಹೋಗುತ್ತೆ."

ಆಸ್ಪತ್ರೆಯ ಕಾವಲಿನವರು ಬಂದು ಗಂಡನನ್ನು ಹೊರಗೆ ಎಳೆದೊಯ್ದರು. ಮಧ್ಯಾಹ್ನ ಫೋನು ಹೋಗಿ ಕೊಟ್ಟಿಗೆಹಾರದಿಂದ ತಂಗಿ ಶಿಲ್ಪಾ ಬಂದಳು. ಒಪ್ಪಿಗೆ ಪತ್ರಕ್ಕೆ ರಜನಿಯೇ ಸಹಿ ಮಾಡಿದಳು. ಬೀಜ ಹೊರಬಂತು, ಕಪ್ಪಾಗಿ ಊದಿಕೊಂಡಿತ್ತು.

ಎಚ್ಚರವಾದಾಗ ಗಂಟಲು ಉರಿಯುತ್ತಿತ್ತು. ಕಫದಲ್ಲಿ ಒಂದಿಷ್ಟು ರಕ್ತ ಬಂದರೆ ಹೆದರಬೇಡಿ, ಜಾಸ್ತಿಯಾದರೆ ಕರೆಯಿರಿ, ನುಂಗುವುದು ಸರಿಯಾಗುವವರೆಗೆ ನೀರು ಬೇಡ ಎಂದು ರೇವತಿ ಹೇಳಿ ಹೋದಳು. ಆಸ್ಪತ್ರೆಯವರು ತಿಳಿಸಿದ್ದರಿಂದ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಮಂಚದ ಪಕ್ಕ ಕೂತಿದ್ದರು.

"ಒದ್ದಿದ್ದು ಯಾರು?"

"ನಮ್ಮ ಮನೆಯವ್ರು."

"ಹೆಸರು?"

ಶಿಲ್ಪಾ ಹೇಳಲು ಬಾಯಿ ತೆರೆದಳು. ಗಂಡನ ಹೆಸರನ್ನು ಹೆಂಡತಿ ಹೇಳುವ ವಾಡಿಕೆ ಅವರ ಮನೆಯಲ್ಲಿ ಇರಲಿಲ್ಲ. ಪಡಿತರದ ಅಂಗಡಿಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ ಪಕ್ಕದವರೇ ಹೇಳುತ್ತಿದ್ದರು. ರಜನಿ ತಂಗಿಯ ಕೈ ಅದುಮಿ ಸುಮ್ಮನಿರಿಸಿದಳು.

"ರೇವಣ್ಣ," ಎಂದಳು. ಗೊಗ್ಗರು ದನಿ ಅರ್ಧಕ್ಕೇ ಒಡೆಯಿತು. ಕಾನ್‌ಸ್ಟೆಬಲ್ ತಲೆಯೆತ್ತಿದಾಗ ಮತ್ತೆ, ಬಿಡಿಸಿ ಹೇಳಿದಳು.