ಹಿಮದ ಘಾಟಿಗೆ ಹೊರಟ ಭಂಡಾರ

ಒಂದು ಮನೆಯಲ್ಲಿ ಸಾವಾದರೆ ಸಾಕು, ಓಣಿಗೆಲ್ಲ ಕಾರಣ ಹುಡುಕುವ ಕೆಲಸ ಸಿಗುತ್ತದೆ. ಎಮ್ಮೆ ಹಾಲು ಕಡಿಮೆ ಕೊಟ್ಟರೂ ಅದೇ ಕಾರಣ, ಕೂಸಿಗೆ ಜ್ವರ ಬಂದರೂ ಅದೇ ಕಾರಣ. ಹುಮನಾಬಾದಿನ ಅಂಚಿನಲ್ಲಿ ಕುರಿ ಸಾಕಿಕೊಂಡಿದ್ದ ಭೀಮಬಾಯಿಯ ಮನೆಯಲ್ಲೂ ಹಾಗೇ ಆಯಿತು. ಹಿರಿಯ ಮಗ ಭೀಮಶಾ ತೀರಿಹೋಗಿ ವರ್ಷ ತುಂಬುತ್ತ ಬಂದಿತ್ತು. ಆ ನಡುವೆ ಒಂದು ಟಗರು ಸತ್ತಿತು, ಬಾವಿಯ ನೀರು ತಳ ಕಂಡಿತು. ಪಕ್ಕದ ಮನೆಯ ಗಯಾಬಾಯಿ ಸುಮ್ಮನಿರುವ ಪೈಕಿ ಅಲ್ಲ.

"ನಿಮ್ಮ ಭಂಡಾರ ತುದಿ ಮುಟ್ಟಿಲ್ಲ ನೋಡ್ರಿ ಅಕ್ಕಾ. ಅದು ಮುಟ್ಟೋ ತನಕ ನಿಮ್ಮ ಮನಿಗಿ ಸುಖ ಇಲ್ಲ," ಎಂದು ಬಾಗಿಲಲ್ಲೇ ನಿಂತು ಹೇಳಿಹೋದಳು.

ಭೀಮಬಾಯಿ ಉಣ್ಣೆ ನೂಲುತ್ತ ಕೂತಿದ್ದಳು. ಅವಳಿಗೂ ಅದೇ ಅನುಮಾನ ಒಳಗೊಳಗೇ ಕೊರೆಯುತ್ತಿತ್ತು.

ಭಂಡಾರವೆಂದರೆ ಮೈಲಾರಲಿಂಗನ ಅರಿಶಿನಪುಡಿ. ಈ ಮನೆತನದ ಹಿರಿಯರು ಮೇವು ಹುಡುಕಿಕೊಂಡು ಕುರಿ ಹೊಡೆದುಕೊಂಡು ಹೋಗುವಾಗ, ಹೊಸ ಘಾಟು ಎದುರಾದರೆ ಮನೆಯ ಹಿರಿಯ ಹೆಂಗಸು ಒಂದು ಬಟ್ಟೆಯ ಚೀಲದಲ್ಲಿ ಭಂಡಾರ ಕಟ್ಟಿ ಮುಂದಾಳಿನ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅದನ್ನು ಕಟ್ಟಿಕೊಂಡು ಘಾಟು ಏರತೊಡಗಿದವನು ತುದಿ ಮುಟ್ಟುವ ತನಕ ಹಿಂದಕ್ಕೆ ಹೊರಳಬಾರದು, ಬಾಯಿಗೆ ನೀರು ಹಾಕಬಾರದು. ತುದಿಯಲ್ಲಿ ನಿಂತು "ಏಳುಕೋಟಿ" ಎಂದು ಕೂಗಿ ಭಂಡಾರ ಹಾರಿಸಿದ ಮೇಲೇ ನೀರು, ಬುತ್ತಿ ಎಲ್ಲ. ರೂಢಿಯಲ್ಲಿ ತಪ್ಪೇನಿರಲಿಲ್ಲ. ಕಲ್ಯಾಣದ ಕಡೆಯ ದಿಣ್ಣೆ ಏರಲು ಎಷ್ಟು ಹೊತ್ತು ಬೇಕು? ಬಾಯಲ್ಲಿಟ್ಟ ಎಲೆಅಡಿಕೆ ಮುಗಿಯುವುದರೊಳಗೆ ತುದಿ ಬಂದಿರುತ್ತದೆ.

ಆದರೆ ಭೀಮಶಾ ಏರಹೋದದ್ದು ಕಲ್ಯಾಣದ ದಿಣ್ಣೆಯನ್ನಲ್ಲ.

ಅವನು ಹೈದರಾಬಾದ್ ರಸ್ತೆಯ ಮೇಲಿನ ಗ್ಯಾರೇಜಿನಲ್ಲಿ ಮಿಸ್ತ್ರಿ. ದೂರದಿಂದ ಬರುವ ಬುಲೆಟ್ಟಿನ ಸದ್ದು ಕೇಳಿಯೇ ಅದರ ಜಡ್ಡು ಯಾವುದೆಂದು ಹೇಳುತ್ತಿದ್ದ. ಯಾರೋ ಲಾರಿಯವರು ಲಡಾಖದ ಮಾತು ಎತ್ತಿದರು. ಲೇಹ್ ಊರಿನ ಮೇಲೆ ಹದಿನೇಳು ಸಾವಿರ ಅಡಿಗೂ ಎತ್ತರದಲ್ಲಿ ಒಂದು ಹಿಮದ ಘಾಟಿದೆ, ಗಾಡಿ ಏರುವ ರಸ್ತೆಯೂ ಇದೆ ಎಂದರು. ಅಂದಿನಿಂದ ಇವನಿಗೆ ಅದೇ ಹುಚ್ಚು. ಎಂಬತ್ತೆಂಟರ ಬೇಸಿಗೆಯಲ್ಲಿ ಗೆಳೆಯ ಅಂಬಾದಾಸನನ್ನು ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ.

ಗಾಡಿಯನ್ನು ಮಾತ್ರ ಎಷ್ಟು ಚೆನ್ನಾಗಿ ತಯಾರು ಮಾಡಿದ್ದ! ಅಂಗಳದಲ್ಲಿ ಗೋಣಿಚೀಲ ಹಾಸಿ ಕಾರ್ಬುರೇಟರ್ ಬಿಚ್ಚಿ ಇಟ್ಟುಕೊಂಡು ತಾಯಿಗೆ ಪಾಠ ಹೇಳುತ್ತಿದ್ದ.

"ಅಲ್ಲಿ ಗಾಳಿ ತೆಳು ಅದ ಅವ್ವಾ. ಗಾಡಿಗಿ ದಮ್ಮು ಹತ್ತತದ, ಕರೀ ಹೊಗಿ ಉಗುಳತದ. ಅದಕ್ಕ ಪೆಟ್ರೋಲ್ ಕಡಿಮಿ ಬಿಡೂ ಹಂಗ ಸಣ್ಣ ಜೆಟ್ ಹಾಕಾಕತ್ತೇನಿ."

"ಶಾಣ್ಯಾ ನನ್ನ ಮಗ," ಎಂದಿದ್ದಳು ಭೀಮಬಾಯಿ.

ಗಾಡಿಗೇ ದಮ್ಮು ಹತ್ತುವ ಜಾಗದಲ್ಲಿ ನಿನ್ನ ಗತಿ ಏನೋ ಮಗನೇ ಎಂದು ಆ ಅಂಗಳದಲ್ಲಿ ಒಬ್ಬರೂ ಕೇಳಲಿಲ್ಲ. ತಾಯಿ ತಾನೇ ನೂಲಿದ ಉಣ್ಣೆಯ ದಪ್ಪ ಕಂಬಳಿ ಕೊಟ್ಟಳು. ಭಂಡಾರದ ಚೀಲ ಸೊಂಟಕ್ಕೆ ಸಿಕ್ಕಿಸಿದಳು. "ತುದಿ ಮುಟ್ಟಿ ಬಾ" ಎಂದಳು. ಆ ಮಾತು ನೆನಪಾದಾಗಲೆಲ್ಲ ಈಗ ಅವಳ ಕೈಯಲ್ಲಿನ ನೂಲು ಕಡಿದುಹೋಗುತ್ತದೆ.

ಆಮೇಲೆ ನಡೆದದ್ದನ್ನು ಅಂಬಾದಾಸ ಬಂದು ಅಳುತ್ತ ಹೇಳಿದ. ಲೇಹ್ ತಲುಪಿದ ದಿನವೇ ಭೀಮಶಾನಿಗೆ ತಲೆನೋವು. ದಣಿವು ಎಂದುಕೊಂಡ. ಮರುದಿನ ಬೆಳಿಗ್ಗೆ ಭಂಡಾರ ಕಟ್ಟಿಕೊಂಡು ಘಾಟು ಏರತೊಡಗಿದ. ಅರ್ಧ ದಾರಿಯಲ್ಲಿ ವಾಂತಿಯಾಯಿತು. ಅಂಬಾದಾಸ "ನೀರು ಕುಡಿ" ಎಂದರೆ ಒಲ್ಲೆ ಎಂದ. "ಹೊಳ್ಳಿ ಹೋಗೋಣು" ಎಂದರೆ ಸೊಂಟ ಮುಟ್ಟಿ ತೋರಿಸಿ, "ಅವ್ವ ಕಟ್ಟ್ಯಾಳ" ಎಂದ. ಇನ್ನೂ ಸ್ವಲ್ಪ ಮೇಲೆ ಹೋದ ಮೇಲೆ ಗಾಡಿ ನಿಲ್ಲಿಸಿ ಇಳಿದವನು ಕುಡಿದವನಂತೆ ತೂರಾಡಿದ, ಅಲ್ಲೇ ಕುಸಿದ. ಸೈನ್ಯದ ಲಾರಿಯೊಂದು ಅವನನ್ನು ಹೊತ್ತುಕೊಂಡು ಕೆಳಗೆ ಇಳಿಯಿತು. ದಾರಿಯಲ್ಲೇ ಉಸಿರು ನಿಂತಿತು. ಮಣ್ಣೂ ಅಲ್ಲಿಯೇ ಆಯಿತು. ಅಂಬಾದಾಸನ ಜೊತೆ ಹುಮನಾಬಾದಿಗೆ ಮರಳಿದ್ದು ಬುಲೆಟ್ಟು, ಕಂಬಳಿ ಮತ್ತು ಗಂಟು ಬಿಚ್ಚದ ಆ ಭಂಡಾರದ ಚೀಲ.

ಈಗ ಅದೇ ಚೀಲವನ್ನು ಕಿರಿಯ ಮಗ ಮಡೆಪ್ಪ ಕಟ್ಟಿಕೊಳ್ಳಬೇಕಂತೆ! ಅಣ್ಣ ಬಿಟ್ಟದ್ದನ್ನು ತಮ್ಮ ಮುಗಿಸಬೇಕು, ಅದೂ ರೂಢಿಯೇ. ಮಡೆಪ್ಪ ಅಣ್ಣನ ಬುಲೆಟ್ ಹೊರಗೆಳೆದು ಒರೆಸತೊಡಗಿದ. ಭೀಮಬಾಯಿಗೆ ಅವನನ್ನು ಕಳಿಸಲೂ ಹೆದರಿಕೆ, ತಡೆಯಲೂ ಹೆದರಿಕೆ. ಅತ್ತ ದರಿ ಇತ್ತ ಪುಲಿ.

ಒಂದು ಮಧ್ಯಾಹ್ನ ಕಾಶಿರಾಮ ಬಂದ. ಅವನು ಸೈನ್ಯದಲ್ಲಿ ಡ್ರೈವರ್ ಆಗಿದ್ದವನು, ಲಡಾಖದಲ್ಲಿ ಲಾರಿ ಓಡಿಸಿದವನು. ಆ ಚಳಿಗಾಲದಲ್ಲಷ್ಟೇ ನೌಕರಿ ಮುಗಿಸಿ ಬಂದು ಮಾಣಿಕನಗರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಟ್ಯೂಬು ಕೊಳ್ಳಲು ಬಂದ ಮಡೆಪ್ಪನ ಬಾಯಿಂದ ವಿಷಯ ತಿಳಿದು, ಅಂಗಡಿ ಹಾಗೇ ಬಿಟ್ಟು ಎದ್ದುಬಂದಿದ್ದ.

"ಅಕ್ಕಾ, ಹುಡುಗನ್ನ ಕಳಸಬ್ಯಾಡ್ರಿ ಅಂತ ಹೇಳಾಕ ಬಂದಿಲ್ಲ. ಹ್ಯಾಂಗ ಕಳಸಬೇಕು ಅಂತ ಹೇಳಾಕ ಬಂದೀನಿ," ಎಂದು ಕಟ್ಟೆಯ ಮೇಲೆ ಕೂತ.

"ನಸೀಬದಾಗ ಇದ್ದಂಗ ಆಗ್ತದ ತಮ್ಮಾ," ಎಂದಳು ಭೀಮಬಾಯಿ.

"ನಸೀಬದ ಮಾತು ಆಮ್ಯಾಲೆ. ಲೇಹ್ ಮುಟ್ಟಿದ ಮ್ಯಾಲೆ ಸೈನ್ಯದಾಗ ನಮಗ ಲಗೂನ ಕೆಲಸಕ್ಕ ಹಚ್ಚತಿದ್ದಿಲ್ಲರಿ. ಸುಮ್ಮ ಕೂಡ್ರಿ, ನೀರು ಕುಡೀರಿ, ಆರಾಮ ತಗೋರಿ ಅಂತಿದ್ರು."

"ಕುಂಡ್ರಸಿ ಪಗಾರ ಕೊಡ್ತಿದ್ರೇನು?"

"ಕೊಡ್ತಿದ್ರಿ!" ಕಾಶಿರಾಮ ನಕ್ಕ. "ಅಲ್ಲಿ ಗಾಳಿ ತೆಳು. ಅದಕ್ಕ ಮೈ ಹೊಂದಬೇಕು. ಹೊಂದಾಕ ದಿನಾ ಬೇಕು. ಗಡಿಬಿಡಿ ಮಾಡಿ ಮ್ಯಾಲೆ ಏರಿದ್ರ ಮೊದಲ ತಲಿ ನೋಯ್ತದ, ಊಟ ಸೇರೂದಿಲ್ಲ, ವಾಂತಿ ಬರ್ತದ. ಅಲ್ಲೇ ತಡೀಬೇಕು. ತಡೀದಿದ್ರ ನಡಿಗಿ ತಪ್ಪತದ, ಕೂತಲ್ಲೇ ದಮ್ಮು ಹತ್ತತದ, ಮಾತು ತೊದಲತದ. ಆವಾಗ ಒಂದ ದವಾ, ಜಲ್ದಿ ಕೆಳಗ ಇಳಿಯೂದು."

"ನನ್ನ ಭೀಮಶಾ ಬಡಕಲ ಹುಡುಗ ಆಗಿದ್ದಿಲ್ಲ. ಜೋಳದ ಚೀಲ ಒಬ್ಬನ ಎತ್ತಿ ಬಂಡಿಗಿ ಹಾಕತಿದ್ದ."

"ಅದೇ ಮೋಸರಿ ಅಕ್ಕಾ. ಈ ಜಡ್ಡು ಪೈಲ್ವಾನ ಅಂತ ನೋಡೂದಿಲ್ಲ. ಗಟ್ಟಿ ಆಳಿಗಿ ಶರಮ್ ಜಾಸ್ತಿ. ತಲಿ ನೋಯಾಕತ್ತದ ಅಂತ ಬಾಯಿ ಬಿಡೂದಿಲ್ಲ, ಹಂಗ ಏರಕೋತ ಹೋಗ್ತಾನ."

"ಕಂಬಳಿ ಕೊಟ್ಟಿದ್ದೆನಲ್ಲೋ!" ಭೀಮಬಾಯಿಯ ದನಿ ಒಡೆಯಿತು.

"ಕಂಬಳಿ ಚಳಿ ತಡೀತದ್ರಿ. ಗಾಳಿ ಕೊಡೂದಿಲ್ಲ."

ಭೀಮಬಾಯಿ ಕದಿರು ಕೆಳಗಿಟ್ಟಳು. ಕಾಶಿರಾಮನಿಗೆ ಅವಳನ್ನು ನೋಯಿಸುವ ಮನಸ್ಸಿರಲಿಲ್ಲ. ಆದರೂ ಕೇಳಬೇಕಾದದ್ದನ್ನು ಕೇಳಿದ.

"ಅಕ್ಕಾ, ನೀವು ಕುರಿ ಹಿಂದ ತಿರುಗಿದವರು. ಘಾಟ ಏರೂ ಮುಂದ ಒಂದು ಕುರಿ ಬಾಯಿ ತೆರೆದು ಏದುಸಿರು ಬಿಟ್ರ ಏನ್ ಮಾಡ್ತಿದ್ರಿ?"

"ಏನ್ ಮಾಡ್ತಾರ? ಮಂದೀನ ಕೆಳಗ ಇಳಸ್ತಿದ್ವಿ. ನೆರಳಿಗಿ ನಿಲ್ಲಿಸಿ ನೀರು ಕುಡಸ್ತಿದ್ವಿ."

"ಸೊಂಟದಾಗ ಭಂಡಾರ ಇದ್ರೂ?"

"ಇದ್ರೂ ಮತ್ತ! ಕುರಿ ಸತ್ತ ಮ್ಯಾಲೆ ಭಂಡಾರ ಯಾರ ಸಲುವಾಗಿ..."

ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳಿದೆನೆಂದು ಭೀಮಬಾಯಿಗೆ ಆಗ ತಿಳಿಯಿತು. ಕುರಿಗೆ ಕೊಟ್ಟ ಸವಲತ್ತನ್ನು ಮಗನಿಗೆ ಕೊಟ್ಟಿರಲಿಲ್ಲ. ಕುರಿಗಾದರೆ ಹೇಳುವ ಕೆಲಸವಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮಗನಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಬಾಗಿಲ ಮರೆಯಲ್ಲಿ ನಿಂತಿದ್ದ ಭೀಮಶಾನ ಹೆಂಡತಿ ತುಳಜಾಬಾಯಿ ಹೊರಗೆ ಬಂದಳು. ವರ್ಷದಿಂದ ಅತ್ತೆಗೆ ಎದುರಾಡದವಳು ಅಂದು ಆಡಿದಳು.

"ಅತ್ತಿ, ಯಾರ ತಪ್ಪೂ ಅಂತ ನಾ ಅನ್ನೂದಿಲ್ಲ. ಅವರಿಗಿ ಹೊಳ್ಳಿ ಬಾ ಅನ್ನೂವರು ಬೇಕಾಗಿತ್ತು. ನಾನೂ ಅನ್ನಲಿಲ್ಲ. ಮಡೆಪ್ಪಗಾದ್ರೂ ಅನ್ನೋಣು."

ಮಡೆಪ್ಪ ಮೊದಲು ಜಿದ್ದು ಮಾಡಿದ. "ಅಷ್ಟು ದೂರ ಹೋಗಿ ಹೊಳ್ಳಿ ಬಂದ್ರ ಓಣ್ಯಾಗ ಮಂದಿ ನಗತಾರ ವೈನಿ," ಎಂದ.

"ನಗಲಿ. ನಗೂ ಮಂದಿ ಮುಂದ ನೀ ಇರ್ತಿ," ಎಂದಳು ತುಳಜಾಬಾಯಿ. ಮಡೆಪ್ಪ ಕಾಶಿರಾಮನ ಪಕ್ಕ ಬಂದು ಕೂತ.

ಆ ವರ್ಷದ ತಯಾರಿಯೇ ಬೇರೆಯಾಯಿತು. ಕಾಶಿರಾಮ ಮಡೆಪ್ಪನನ್ನೂ ಅವನ ಜೊತೆ ಹೊರಡಲೊಪ್ಪಿದ ಅಂಬಾದಾಸನನ್ನೂ ಮೊದಲು ದವಾಖಾನೆಗೆ ಕರೆದೊಯ್ದು ಎದೆ, ರಕ್ತದೊತ್ತಡ ತೋರಿಸಿಕೊಂಡು ಬಂದ. ಗಾಡಿಗೆ ಹೊಸ ಕ್ಲಚ್ ವಯರು, ಎರಡನೆಯ ಪ್ಲಗ್, ಪೆಟ್ರೋಲಿಗೆ ಡಬ್ಬ, ಪಂಕ್ಚರ್ ಸಾಮಾನು ಎಲ್ಲ ಕೂಡಿತು. ಮೈಗೆ ದಪ್ಪ ಕೋಟು, ಕೈಗವಸು, ಕಣ್ಣಿಗೆ ಕಪ್ಪು ಕನ್ನಡಕ, ಜೊತೆಗೆ ಅಣ್ಣನ ಕಂಬಳಿಯೂ ಇತ್ತು. ಲೇಹ್ ತಲುಪಿದ ಮೇಲೆ ಮೂರು ದಿನ ಗಾಡಿ ಚಾಲೂ ಮಾಡಬಾರದೆಂದು ಕಾಶಿರಾಮ ಆಣೆ ಮಾಡಿಸಿಕೊಂಡ. ಚಳಿಯೆಂದು ಸೆರೆ ಕುಡಿಯಬಾರದು, ನಿದ್ದೆ ಬರಲಿಲ್ಲವೆಂದು ಗುಳಿಗೆ ನುಂಗಬಾರದು ಎಂದು ಎಚ್ಚರಿಸಿದ. ಒಬ್ಬನಿಗೆ ಹುಷಾರಿಲ್ಲವೆಂದರೆ ಇಬ್ಬರೂ ಇಳಿಯಬೇಕು ಎಂದ.

"ನಡುದಾರ್ಯಾಗ ಇಳಿದು ಒಂದು ಗೆರಿ ಮ್ಯಾಲೆ ನಡದು ನೋಡ್ರಿ. ಹೆಜ್ಜಿ ಆಚೀಚಿ ಬಿದ್ರ ಮುಗೀತು, ಇಳೀರಿ. ಆದ್ರ ತೂರಾಡೂ ತನಕ ಕಾಯಬ್ಯಾಡ್ರಿ, ತಲಿ ನೋಯಾಕತ್ತಿದ್ರ ಮ್ಯಾಲೆ ಹೋಗೂ ಮಾತ ಬ್ಯಾಡ," ಎಂದ.

ಹೊರಡುವ ದಿನ ಭೀಮಬಾಯಿ ಆ ಹಳೆಯ ಚೀಲವನ್ನೇ ಮಡೆಪ್ಪನ ಸೊಂಟಕ್ಕೆ ಕಟ್ಟಿದಳು. ಗಯಾಬಾಯಿಯೂ ನೋಡಲು ಬಂದಿದ್ದಳು. ಎಲ್ಲರ ಎದುರಿಗೇ ಭೀಮಬಾಯಿ ನೀರಿನ ತತ್ರಾಣಿ ಮಗನ ಕೈಗೆ ಕೊಟ್ಟಳು.

"ಭಂಡಾರ ಇದ್ರೂ ನೀರು ಕುಡಿ. ಎಲ್ಲಿ ನಿನ್ನ ಮೈ ಒಲ್ಲೆ ಅಂತದ, ಅದೇ ನಿನ್ನ ಘಾಟದ ತುದಿ. ಅಲ್ಲೇ ಹಾರಿಸಿ ಹೊಳ್ಳಿ ಬಾ. ಕಟ್ಟಿದಾಕಿ ನಾನು, ನಾನ ಹೇಳಾಕತ್ತೇನಿ."

"ಹಂಗ ಮಾಡಿದ್ರ ದೇವರು ಒಪ್ಪತಾನೇನ್ರಿ?" ಗಯಾಬಾಯಿ ಬಾಯಿ ಹಾಕಿದಳು.

"ಮೈಲಾರಲಿಂಗನೂ ಕುರಿ ಕಾಯೂರ ದೇವರ. ಅವನಿಗಿ ಮಾಲೂಮ ಅದ," ಎಂದಳು ಭೀಮಬಾಯಿ. ಗಯಾಬಾಯಿ ಅಂದು ಮೊದಲ ಸಲ ಸುಮ್ಮನಾದಳು.

ಮಡೆಪ್ಪ ಲೇಹ್‌ನಲ್ಲಿ ಹೇಳಿದಷ್ಟು ದಿನವೂ ಸುಮ್ಮನೆ ಕೂತ. ಮೈ ಹಗುರಾಯಿತು. ಆಮೇಲೆ ಇಬ್ಬರೂ ಘಾಟು ಏರಿದರು. ತುದಿಯಲ್ಲಿ ಬೌದ್ಧರು ಕಟ್ಟಿದ ಬಾವುಟಗಳು ಕಣ್ಣಿಗೆ ಬಿದ್ದ ತಿರುವಿನಲ್ಲಿ ಅವನ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳಸಿತು. ಅಷ್ಟು ಹುಷಾರಿಯಿಂದ ಹೋದರೂ ಬಂತು ನೋಡಿ! ಅದು ಹಾಗೆಯೇ, ಒಬ್ಬೊಬ್ಬರ ಮೈ ಒಂದೊಂದು ತರಹ. ಅಂಬಾದಾಸ ಹಿಂದಿನಿಂದ ಭುಜ ಹಿಡಿದು, "ಮಡೆಪ್ಪ, ಹೊಳ್ಳೋಣು," ಎಂದ. ಹಿಂದಿನ ವರ್ಷ ಇದೇ ಮಾತು ಹೇಳಿ ಸೋತವನು ಅವನು, ಹಿಡಿದ ಭುಜ ಬಿಡಲಿಲ್ಲ. ಮಡೆಪ್ಪ ತುದಿಯನ್ನು ಒಮ್ಮೆ ನೋಡಿದ. ಗಂಟು ಬಿಚ್ಚಿದ. ಏಳುಕೋಟಿ ಎಂದು ಕೂಗಿ ಭಂಡಾರವನ್ನು ಆ ತಿರುವಿನಲ್ಲೇ ಹಾರಿಸಿ, ನೀರು ಕುಡಿದು, ಗಾಡಿ ತಿರುಗಿಸಿದ. ಲೇಹ್‌ಗೆ ಇಳಿದು ಸಂಜೆಯಾಗುವಷ್ಟರಲ್ಲಿ ತಲೆನೋವು ಇಳಿದಿತ್ತು.

ಹುಮನಾಬಾದಿನ ಅಂಗಳದಲ್ಲಿ ಬುಲೆಟ್ಟು ಬಂದು ನಿಂತಾಗ ಭೀಮಬಾಯಿ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತುದಿ ಕಾಣ್ತೇನೋ?"

"ಕಾಣ್ತವ್ವ. ಬಾವುಟ ಕಾಣ್ತು. ಹೊಳ್ಳಿ ಬಂದೆ."

"ಚಲೋ ಮಾಡಿದಿ. ನಡೀ, ಉಣ್ಣು."

ಅವನು ಉಣ್ಣುವಾಗ ಅವಳು ಎದುರಿಗೆ ಕೂತು ನೋಡುತ್ತಲೇ ಇದ್ದಳು. ರೊಟ್ಟಿ ಬಡಿಯುತ್ತಿದ್ದ ತುಳಜಾಬಾಯಿ ಒಲೆಯ ಕಡೆಗೆ ಮುಖ ತಿರುಗಿಸಿಕೊಂಡಳು. "ಇಷ್ಟ ಮಾತು ಇತ್ತಲ್ಲವ್ವ," ಎಂದಳು ಭೀಮಬಾಯಿ ಸೊಸೆಗೆ. "ಹೊಳ್ಳಿ ಬಾ. ಇಷ್ಟ. ಹೋದ ವರ್ಷ ಇದೇ ಅಂಗಳದಾಗ ನಿಂತು ನಾ ಅನ್ನಲಿಲ್ಲ." ತುಳಜಾಬಾಯಿ ಅತ್ತೆಯ ತಟ್ಟೆಗೂ ಒಂದು ಬಿಸಿ ರೊಟ್ಟಿ ಹಾಕಿದಳು.

ಈಗ ಆ ಓಣಿಯಿಂದ ಯಾರೇ ಹೊರಟರೂ, ಕಲ್ಯಾಣದ ಸಂತೆಗೆ ಹೊರಟರೂ, ಭೀಮಬಾಯಿ ಕಟ್ಟೆಯ ಮೇಲಿಂದ ಕೂಗುತ್ತಾಳೆ: "ಮೈ ಒಲ್ಲೆ ಅಂದ್ರ ಹೊಳ್ಳಿ ಬರ್ರಿ!" ಹುಡುಗರು ನಗುತ್ತಾರೆ. ಅವಳು ಬಿಡುವುದಿಲ್ಲ.

ಅಕ್ಕಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಹುಡುಗನೂ ನಾಳೆ ಬುಲೆಟ್ ಹತ್ತಿ ಎತ್ತರದ ಘಾಟಿಗೆ ಹೊರಡಬಹುದು. ತಡೆಯಬೇಡಿ. ಗಾಡಿಗೆ ಜೆಟ್ ಬದಲಿಸುವ ಮೊದಲು ಅವನನ್ನು ಡಾಕ್ಟರಿಗೆ ತೋರಿಸಿ. ನಿಧಾನವಾಗಿ ಏರು, ಮೇಲಿನ ಊರಲ್ಲಿ ಕೆಲವು ದಿನ ತಂಗು, ನೀರು ಕುಡಿ, ಒಬ್ಬನೇ ಹೋಗಬೇಡ ಎಂದು ಹೇಳಿ. ತಲೆನೋವನ್ನು ಮುಚ್ಚಿಡಬೇಡ, ವಾಂತಿಯಾದರೆ, ದಮ್ಮು ಹತ್ತಿದರೆ, ಹೆಜ್ಜೆ ತಪ್ಪಿದರೆ ಆಗಲೇ ಇಳಿ ಎಂದು ಹೇಳಿ. ಬುತ್ತಿ ಕಟ್ಟಿಕೊಡುವಾಗ, ಹಣೆಗೆ ಭಂಡಾರ ಹಚ್ಚುವಾಗ, ಆ ಒಂದು ಮಾತು ಮರೆಯಬೇಡಿ. ಭೀಮಬಾಯಿ ಒಬ್ಬ ಮಗನಿಗೆ ಹೇಳಿದಳು, ಇನ್ನೊಬ್ಬನಿಗೆ ಹೇಳಲಿಲ್ಲ. ನೀವು ನಿಮ್ಮ ಎಲ್ಲ ಮಕ್ಕಳಿಗೂ ಹೇಳಿ ಕಳಿಸಿ: ಹೊಳ್ಳಿ ಬಾ.