ಗಾಜಿನ ಕೋಣೆಯ ಕುರ್ಚಿ

ಭರಮಪ್ಪನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ: ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕು, ಕಾರ್ಖಾನೆಯ ಮೂಲೆಯ ಗಾಜಿನ ಕೋಣೆಯಲ್ಲಿ ಕೂಡಬೇಕು. ಅತಿಯಾಸೆ ಅನ್ನಬೇಡಿ. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಖಾನಾಪುರದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಬೆಳಗಾವಿಯ ಆ ಎರಕದ ಕಾರ್ಖಾನೆಗೆ ಬಂದು, ಹಿಡಿದ ಆರ್ಡರು ಲಾರಿ ಹತ್ತುವ ತನಕ ಅದರ ಬೆನ್ನು ಬಿಡದೆ ಓಡಾಡಿದವನು ಅವನೇ. ಹುದ್ದೆ ಮಾತ್ರ ಸೂಪರ್‌ವೈಸರ್. ಎರಡು ಸಲ ಬಾಯಿಬಿಟ್ಟು ಕೇಳಿದ್ದ. ಮಾಲೀಕ ಉಳವಪ್ಪನವರು ಎರಡು ಸಲವೂ ನಕ್ಕು ಅದೇ ಮಾತು ಹೇಳಿದ್ದರು.

"ನಿನ್ನ ಮ್ಯಾಲ ಕುಂದರಿಸಿದ್ರ ಕೆಳಗ ಯಾರ ಓಡ್ಯಾಡ್ತಾರೋ ಭರಮಪ್ಪಾ?"

ಕೆಲಸ ಚೆನ್ನಾಗಿ ಮಾಡಿದ್ದೇ ಅವನ ತಪ್ಪಾಯಿತು ನೋಡಿ!

ಎರಡು ಸಾವಿರದ ಇಸವಿಯಲ್ಲಿ ಕಾರ್ಖಾನೆಗಳಿಗೆಲ್ಲ ಐಎಸ್‌ಒ ಗುಣಮಟ್ಟದ ಸರ್ಟಿಫಿಕೇಟಿನ ಹುಚ್ಚು ಹಿಡಿದಿತ್ತು. ಅದು ಸಿಗಬೇಕಾದರೆ ಯಾರ ಕೆಲಸ ಹೇಗೆ ನಡೆಯುತ್ತದೆ ಎಂಬುದು ಕಾಗದದ ಮೇಲೆ ಇರಬೇಕು. ಉಳವಪ್ಪನವರು ಕರೆದು ಹೇಳಿದರು: "ನಿನ್ನ ಕೆಲಸ ಎಲ್ಲಾ ಬರದ ಕೊಡು. ಯಾರ ಬೇಕಾದರೂ ಓದಿ ಮಾಡೂವಂಗ ಇರಬೇಕು. ಆಮ್ಯಾಲ ನಿನ್ನ ಮ್ಯಾಲ ತಗೊಳ್ಳಾಕ ನನಗೇನ ಅಡ್ಡಿ?"

ಭರಮಪ್ಪ ಎರಡು ತಿಂಗಳು ಬರೆದ. ರೈಲಿನಲ್ಲೂ ಬರೆದ, ದೇಸೂರು ದಾಟುವಾಗ ಅಕ್ಷರ ಕುಣಿದರೂ ಬಿಡಲಿಲ್ಲ. ಹೆಂಡತಿ ಭೀಮಕ್ಕ ಕುರಿ ಕಾಯ್ದವರ ಮನೆಯ ಮಗಳು. ನೋಟುಬುಕ್ಕು ನೋಡಿ ಅಂದಳು: "ನಮ್ಮಪ್ಪ ಮೇವು ಎಲ್ಲೈತಿ ಅಂತ ತಮ್ಮಗ ಸುದ್ದಾ ಹೇಳ್ತಿದ್ದಿಲ್ಲ. ನೀವು ಎಲ್ಲಾ ಬರದ ಕೊಡಾಕ ಹತ್ತೀರಿ."

"ಇದು ಕುರಿ ಕಾಯೂ ಕೆಲಸ ಅಲ್ಲ, ಸುಮ್ಮ ಕೂಡು," ಎಂದು ಗದರಿದ. ಗದರಿದ್ದಕ್ಕೆ ಆಮೇಲೆ ಎಷ್ಟು ಸಲ ನಾಚಿಕೊಂಡನೋ.

ನೋಟುಬುಕ್ಕನ್ನು ಟೈಪು ಮಾಡಿಸಿದವನು ಓಂಕಾರ, ಹೊಸದಾಗಿ ಬಂದ ಇಂಜಿನಿಯರ್ ಹುಡುಗ. ಅದರಲ್ಲಿ ಒಂದು ಸಾಲನ್ನು ಕೆಂಪು ಗೆರೆ ಎಳೆದು ತೆಗೆದುಹಾಕಿದ. ಎರಕಕ್ಕೆ ಬೇಕಾದ ಕಟ್ಟಿಗೆಯ ಅಚ್ಚು ಮಾಡಿಕೊಡುವವನು ಖಾನಾಪುರದ ಸತ್ಯಪ್ಪ. ಅವನ ಹತ್ತಿರ ಫೋನಿನಲ್ಲಿ ಕೆಲಸ ಆಗುವುದಿಲ್ಲ, ಮನೆಗೆ ಹೋಗಿ ಕೂತು ರೊಟ್ಟಿ ತಿನ್ನಬೇಕು ಎಂದು ಭರಮಪ್ಪ ಬರೆದಿದ್ದ. "ಇಂಥಾವೆಲ್ಲಾ ಫೈಲಿನಾಗ ಬರೂದಿಲ್ರಿ ಕಾಕಾ," ಎಂದು ಓಂಕಾರ ನಕ್ಕ.

ಸರ್ಟಿಫಿಕೇಟು ಬಂತು. ಎಲ್ಲರಿಗೂ ಕುಂದಾ ಹಂಚಿದರು. ಗಾಜಿನ ಕೋಣೆಯ ಕುರ್ಚಿ ಓಂಕಾರನಿಗೆ ಹೋಯಿತು.

"ಪರದೇಶದ ಗಿರಾಕಿ ಡಿಗ್ರಿ ಕೇಳ್ತಾರೋ," ಎಂದರು ಉಳವಪ್ಪನವರು. "ಕೆಲಸಕ್ಕಂತೂ ನಿನ್ನ ಫೈಲ್ ಐತಲ್ಲ."

ಭರಮಪ್ಪನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ತಾನೇ ಕಲಸಿದ ತುತ್ತು. ಇನ್ನು ಒಂದು ಕಡ್ಡಿಯನ್ನೂ ಆಚೆ ಈಚೆ ಇಡುವುದಿಲ್ಲ ಎಂದು ಆಣೆ ಮಾಡಿದ.

ಮುಂದಿನ ತಿಂಗಳೇ ದೊಡ್ಡದೊಂದು ಪಂಪಿನ ಆರ್ಡರು ನಿಂತಿತು. ಸತ್ಯಪ್ಪನಿಂದ ಅಚ್ಚು ಬರಲಿಲ್ಲ. ಓಂಕಾರ ಫೈಲಿನಲ್ಲಿದ್ದಂತೆ ಮೂರು ಸಲ ಫೋನು ಮಾಡಿದ, ಎರಡು ಪತ್ರ ಹಾಕಿದ. ಗಿರಾಕಿ ಗುರುವಾರ ನೋಡಲು ಬರುವವರಿದ್ದರು. ಭರಮಪ್ಪ ದಿನಾ ಸಂಜೆ ಗಾಡಿ ಇಳಿದು ನೆಟ್ಟಗೆ ತನ್ನ ಮನೆಗೆ ಹೋದ, ಸತ್ಯಪ್ಪನ ಓಣಿಗೆ ಕಾಲಿಡಲಿಲ್ಲ.

ಭಾನುವಾರ ಖಾನಾಪುರದ ಪೇಟೆಗೆ ಹೋದವನು ತಡೆಯಲಾರದೆ ಸತ್ಯಪ್ಪನ ಮನೆ ಹೊಕ್ಕ. ಸತ್ಯಪ್ಪ ಮೂಲೆಯ ಗೋಣಿತಾಟು ಸರಿಸಿದ. ಅಚ್ಚುಗಳೆಲ್ಲ ತಯಾರಾಗಿ ಕೂತಿದ್ದವು!

"ಎಂಟ ದಿನ ಆತು ಮುಗದ. ನಿನ್ನ ಸಲುವಾಗೇ ತಡದೇನಿ," ಎಂದ ಸತ್ಯಪ್ಪ. "ಬುಧವಾರತನಕ ಸುಮ್ಮ ಕೂಡು. ಸಾವಕಾರ ತಾನಾಗೇ ನಿನ್ನ ಮನಿಗೆ ಬರ್ತಾನ. ಆವಾಗ ಕುರ್ಚಿ ಕೇಳು."

ಭರಮಪ್ಪನ ಕಣ್ಣು ತುಂಬಿತು. ಹತ್ತೊಂಬತ್ತು ವರ್ಷದಲ್ಲಿ ಅವನಿಗಾಗಿ ಯಾರೂ ಏನನ್ನೂ ತಡೆದಿರಲಿಲ್ಲ. ಮೂರೇ ದಿನ, ಸುಮ್ಮನಿರುವುದು ಅದೆಷ್ಟರ ಕೆಲಸ?

ಸೋಮವಾರ ಕಾರ್ಖಾನೆಯಲ್ಲಿ ಆ ಅಚ್ಚು ಒತ್ತಲೆಂದು ಹದ ಮಾಡಿದ ಉಸುಕು ಒಣಗುತ್ತಿತ್ತು. ಕೆಲಸಗಾರರು ಕೈಕಟ್ಟಿ ಕೂತಿದ್ದರು. ಗುರುವಾರಕ್ಕೆ ಎರಕ ತಯಾರಾಗಬೇಕಾದರೆ ಮಂಗಳವಾರ ಮಧ್ಯಾಹ್ನ ಕಬ್ಬಿಣ ಕರಗಿಸುವ ಭಟ್ಟಿ ಹಚ್ಚಬೇಕು. ಉಳವಪ್ಪನವರು ಓಂಕಾರನನ್ನು ಬೈಯುತ್ತ ಒಮ್ಮೆ ಭರಮಪ್ಪನ ಕಡೆ ನೋಡಿದರು, ಏನೋ ಕೇಳುವವರಂತೆ. ಭರಮಪ್ಪ ಮುಖ ತಿರುಗಿಸಿದ. ಆದರೆ ಆ ಒಣಗುವ ಉಸುಕನ್ನು ಮಾತ್ರ ಅವನಿಗೆ ನೋಡಲಾಗಲಿಲ್ಲ. ಥೂ, ಎಂಥ ಜನ್ಮವಪ್ಪಾ ಅವನದು!

ಮಂಗಳವಾರ ಬೆಳಿಗ್ಗೆ ಗಾಡಿಗೆ ಮುಂಚೆ ಸತ್ಯಪ್ಪನ ಬಾಗಿಲಲ್ಲಿ ನಿಂತಿದ್ದ. ಸತ್ಯಪ್ಪ ಅವನನ್ನು ನೋಡಿದವನೇ ಒಳಗೆ ಹೋಗಿ ಅಚ್ಚುಗಳ ಚೀಲ ತಂದು ಕಾಲ ಬಳಿ ಇಟ್ಟ. "ತಗೊಂಡ ಹೋಗು. ಇನ್ನ ನಿನ್ನ ಸಲುವಾಗಿ ಯಾರೂ ಏನೂ ಮಾಡೂಹಂಗಿಲ್ಲ," ಎಂದು ಬಾಗಿಲು ಹಾಕಿಕೊಂಡ. ರೊಟ್ಟಿ ತಿನ್ನು ಅನ್ನಲಿಲ್ಲ.

ಚೀಲ ಹೆಗಲ ಮೇಲೆ ಹೊತ್ತು ಭರಮಪ್ಪ ಕಾರ್ಖಾನೆಯ ಬಾಗಿಲಿಗೆ ಬಂದಾಗ ಕೆಲಸಗಾರರು ಹೋ ಎಂದು ಎದ್ದರು. ಓಂಕಾರ ಗಾಜಿನ ಕೋಣೆಯಿಂದ ಓಡಿಬಂದು, ಫೈಲು ತೆರೆದು, ಬಂದ ತಾರೀಖು ಹಾಕಿ ಕೆಳಗೆ ತನ್ನ ಸಹಿ ಮಾಡಿದ. ಉಳವಪ್ಪನವರ ಮುಖ ಅರಳಿತು. ಪ್ರೀತಿಯಿಂದಲೇ ಬಂದು ಭರಮಪ್ಪನ ಬೆನ್ನು ಚಪ್ಪರಿಸಿದರು.

"ನೋಡಿದೇನು? ನಿನ್ನ ಆ ಕೋಣ್ಯಾಗ ಕುಂದರಿಸಿದ್ದರ ಇವತ್ತ ಇದನ್ನ ಯಾರ ತರ್ತಿದ್ದರು?"

ಈ ಮಾತನ್ನು ತಾನೇ ಹೊತ್ತು ತಂದು ಅವರ ಕೈಗೆ ಕೊಟ್ಟೆ ಎಂಬುದು ಭರಮಪ್ಪನಿಗೆ ಆಗಲೇ ತಿಳಿಯಿತು. ಉಸುಕಿಗೆ ನೀರು ಚಿಮುಕಿಸಿರಿ ಎಂದು ಕೆಲಸಗಾರರಿಗೆ ಹೇಳಿದ. ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷ ಇತ್ತು.